ಮೊದಲು ತರಬೇತಿ, ಆಮೇಲೆ ದೊಡ್ಡ ದೋಣಿ: ಮಗಳಿಗೊಂದು ಪತ್ರ

ಗೊರೂರು, ಹಾಸನ ಜಿಲ್ಲೆ

ಪ್ರೀತಿಯ ಮಗಳೇ,

ಬೆಂಗಳೂರಿನ ಕೆಲಸ ಬಿಟ್ಟು ದೀಪಾವಳಿಯ ಹೊತ್ತಿಗೆ ಊರಿಗೆ ಬರುತ್ತೇನೆ, ನಮ್ಮ ಹಳೆಯ ದೋಣಿ ಮಾರಿ 40 ಅಶ್ವಶಕ್ತಿಯ ಎಂಜಿನ್ ಇರುವ ಹೊಸ ಫೈಬರ್ ದೋಣಿ ತರೋಣ ಎಂದು ಬರೆದಿದ್ದೀಯೆ. ನೀನು ಬರುತ್ತೀಯೆ ಎಂಬ ಮಾತೇ ನಿನ್ನ ಅಪ್ಪನಿಗೂ ನನಗೂ ಹಬ್ಬ. ದೊಡ್ಡ ದೋಣಿ ನನಗೂ ಬೇಕು. ಹೋಂಸ್ಟೇಗೆ ಬರುವ ಕುಟುಂಬಗಳನ್ನು ಎರಡು ಸರದಿಯಲ್ಲಿ ಕರೆದುಕೊಂಡು ಹೋಗುವುದು ಸಾಕಾಗಿದೆ. ಆದರೆ ದೋಣಿ ಕೊಳ್ಳುವ ಮೊದಲು ನೀನು ತರಬೇತಿ ಪಡೆದುಕೊಂಡು ಬಾ. ಬಂದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ನಮ್ಮ 15 ಅಶ್ವಶಕ್ತಿಯ ದೋಣಿಯಲ್ಲೇ ಕೈ ಪಳಗಿಸಿಕೋ. ಹಣದ ಮಾತು ಆಮೇಲೆ ಆಡೋಣ.

‘ಚಿಕ್ಕಂದಿನಿಂದ ಹೇಮಾವತಿ ಹಿನ್ನೀರಿನಲ್ಲೇ ಬೆಳೆದವಳಿಗೆ ತರಬೇತಿ ಯಾಕಮ್ಮ’ ಎಂದು ಕೇಳಿದ್ದೀಯೆ. ನೀನು ಬೆಳೆದ ದೋಣಿಯೇ ಬೇರೆ, ಈಗ ಕೇಳುತ್ತಿರುವ ದೋಣಿಯೇ ಬೇರೆ. ನಮ್ಮದರಲ್ಲಿ ಎಂಜಿನ್ನಿನ ಹಿಡಿಯನ್ನೇ ಹಿಡಿದು ದೋಣಿ ತಿರುಗಿಸುತ್ತೇವೆ. ಹಿಡಿ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಅದು ನಿನ್ನ ತೋಳಿಗೆ ಅಭ್ಯಾಸವಾಗಿಬಿಟ್ಟಿದೆ. ಹೊಸದರಲ್ಲಿ ಕಾರಿನ ಹಾಗೆ ಚಕ್ರ ಇರುತ್ತದೆ. ಎದುರಿಗೆ ಏನಾದರೂ ಬಂದಾಗ ಯೋಚಿಸಲು ಸಮಯ ಸಿಗುವುದಿಲ್ಲ, ತೋಳು ತನಗೆ ಗೊತ್ತಿದ್ದದ್ದನ್ನೇ ಮಾಡುತ್ತದೆ. ಇನ್ನೊಂದು ವಿಷಯ. ಜನ ತುಂಬಿದಾಗ ನಮ್ಮ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ನೀರಿನ ಮೇಲಕ್ಕೆ ಏಳುವುದಿಲ್ಲ. 40ರ ಎಂಜಿನ್ ಅದನ್ನು ಎಬ್ಬಿಸಿ ನೀರಿನ ಮೇಲ್ಮೈಯಲ್ಲೇ ಜಾರಿಸುತ್ತದೆ. ಹಾಗೆ ಏಳುವ ಕೆಲವು ಕ್ಷಣ ಮೂತಿ ಮೇಲೆದ್ದು ಮುಂದಿನ ನೀರೇ ಕಾಣುವುದಿಲ್ಲ. ವೇಗದಲ್ಲಿದ್ದಾಗ ತಟ್ಟನೆ ನಿಧಾನ ಮಾಡಿದರೆ ನಾವೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಹಿಂಬದಿಯ ಅಂಚನ್ನು ಹತ್ತಿ ಒಳಗೆ ಸುರಿಯಬಹುದು. ಇದ್ಯಾವುದನ್ನೂ ನಾನು ನಿನಗೆ ಕಲಿಸಲಾರೆ. ನಾನು ಅಂಥ ದೋಣಿ ನಡೆಸಿದವಳಲ್ಲ.

ಕಲಿಸುವವರು ಇದ್ದಾರೆ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಮೋಟಾರು ದೋಣಿ ನಡೆಸುವುದಕ್ಕೂ ಜೀವರಕ್ಷಣೆಗೂ ಅಲ್ಲಿ ಕೋರ್ಸ್‌ಗಳಿವೆ. ಎರಡನ್ನೂ ಮಾಡು. ನೀರಿಗೆ ಬಿದ್ದವರನ್ನು ಎತ್ತುವುದನ್ನು ಅಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಬಲಗಡೆ ಯಾರಾದರೂ ಬಿದ್ದರೆ ಚಕ್ರವನ್ನು ಬಲಕ್ಕೇ ತಿರುಗಿಸಬೇಕು. ಆಗ ದೋಣಿಯ ಹಿಂಭಾಗ ಎಡಕ್ಕೆ ಸರಿದು, ನೀರಿನಡಿ ತಿರುಗಿ ದೋಣಿಯನ್ನು ತಳ್ಳುವ ರೆಕ್ಕೆಚಕ್ರ, ಅಂದರೆ ಪ್ರೊಪೆಲರ್, ಅವರಿಂದ ದೂರ ಹೋಗುತ್ತದೆ. ಹೆದರಿದ ಮನುಷ್ಯನ ಕೈ ಇದಕ್ಕೆ ತದ್ವಿರುದ್ಧ ಮಾಡುತ್ತದೆ. ಓದಿ ತಿಳಿದುಕೊಂಡರೆ ಸಾಲದು, ಮೈಗೆ ಹತ್ತಬೇಕು.

ಕಾನೂನಿನ ಮಾತೂ ಇದೆ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಹೊಸ ಒಳನಾಡು ನೌಕಾ ಕಾಯ್ದೆ ಬಂತು. ಎಂಜಿನ್ ಇರುವ ನೌಕೆಗೆ ನೋಂದಣಿ, ತಪಾಸಣೆ, ನಡೆಸುವವರಿಗೆ ಅರ್ಹತೆಯ ಪ್ರಮಾಣಪತ್ರ ಎಲ್ಲವೂ ಅದರಲ್ಲಿವೆ. ಜನರನ್ನು ಹತ್ತಿಸಿಕೊಂಡು ಹಣ ಪಡೆಯುವವರು ಕಾಗದಪತ್ರದಲ್ಲಿ ಒಂದು ಚುಕ್ಕೆಯೂ ತಪ್ಪದಂತೆ ಇರಬೇಕು. ಇದರಲ್ಲಿ ನಿನ್ನ ಅಪ್ಪ ಬಲು ಕಟ್ಟುನಿಟ್ಟು, ನಿನಗೇ ಗೊತ್ತು.

ಈಗ ನೀನು ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಮ್ಮ ದೋಣಿ ಬಳಗದವರು ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದಾರೆ, ಯಾರ ಮಾತು ಕೇಳಲಿ ಎಂದಿದ್ದೀಯೆ. ಮಲ್ಪೆಯ ಚಿಕ್ಕಪ್ಪ 40 ಧಾರಾಳವಾಯಿತು ಎನ್ನುತ್ತಾರೆ. ಲಕ್ಕವಳ್ಳಿಯ ಅಕ್ಕ ಭದ್ರೆಯ ಹಿನ್ನೀರಿನ ಗಾಳಿ ಕಂಡವಳು, 60 ಇಲ್ಲದೆ ಆಗದು ಎನ್ನುತ್ತಾಳೆ. ಬೇಲೂರಿನ ಮಾವ ಇರುವುದನ್ನೇ ರಿಪೇರಿ ಮಾಡಿಸಿಕೊಳ್ಳಿ ಎನ್ನುತ್ತಾರೆ. ಈ ಬಳಗ ನಮಗೆ ನೆಂಟರಿಗಿಂತ ಹೆಚ್ಚು. ಒಬ್ಬರೂ ಸುಳ್ಳು ಹೇಳುವವರಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ನೀರಿನಿಂದ ಮಾತಾಡುತ್ತಾರೆ.

ಚಿಕ್ಕಪ್ಪನ ಮಾತನ್ನೇ ನೋಡು. ಅವರದು ಸಮುದ್ರಮಟ್ಟ. ನಮ್ಮ ಹೇಮಾವತಿ ಜಲಾಶಯದ ಪೂರ್ಣ ಮಟ್ಟವೇ ಸಮುದ್ರದಿಂದ 2,922 ಅಡಿ ಎತ್ತರ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಅಲ್ಲಿಯ 40 ನಮ್ಮಲ್ಲಿ ಹೆಚ್ಚುಕಡಿಮೆ 36ರ ಕೆಲಸ ಮಾಡುತ್ತದೆ. ಅದರ ಮೇಲೆ ಎಂಟು ಜನ ಕೂತರೆ ಮೈತೂಕವೇ 500 ಕಿಲೋ ದಾಟುತ್ತದೆ. ಹಾಗೆಂದು ಅಕ್ಕ ಹೇಳಿದಂತೆ 60ಕ್ಕೆ ಹಾರಬೇಕಾಗಿಲ್ಲ. ಪ್ರೊಪೆಲರ್ ಬದಲಿಸಿದರೂ ಸಾಕಾಗಬಹುದು. ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗುವಂತೆ ತಿರುಚಿದೆ ಎಂಬುದನ್ನು ಪಿಚ್ ಎನ್ನುತ್ತಾರೆ. ಪಿಚ್ ಒಂದು ಇಂಚು ಇಳಿಸಿದರೆ ಎಂಜಿನ್ ನಿಮಿಷಕ್ಕೆ 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಜನ ತುಂಬಿಸಿಕೊಂಡು ಪೂರ್ತಿ ವೇಗ ಕೊಟ್ಟಾಗ ಎಂಜಿನ್ ತಯಾರಕರು ಹೇಳಿದ ಗರಿಷ್ಠ ಸುತ್ತಿನ ಮಿತಿಯೊಳಗೆ ಬರಬೇಕು. ಬಾರದೆ ಏದುಸಿರು ಬಿಡುತ್ತಿದ್ದರೆ ಪ್ರೊಪೆಲರಿನ ಪಿಚ್ ಹೆಚ್ಚಾಗಿದೆ ಎಂದರ್ಥ. ಕೊಳ್ಳುವ ಮೊದಲು ದೋಣಿಯನ್ನು ನಮ್ಮ ನೀರಿಗೇ ತರಿಸಿ, ನಮ್ಮ ತೂಕ ಹಾಕಿ ನೋಡು. ಮಾರುವವರು ಒಪ್ಪದಿದ್ದರೆ ಬೇರೆಯವರನ್ನು ಹುಡುಕು.

ಬೇಲೂರಿನ ಮಾವನ ಮೇಲೆ ನಿನಗೆ ಸಿಟ್ಟಿದೆ. ‘ಹೆಣ್ಣುಮಗುವಿನ ಕೈಗೆ ಅಷ್ಟು ದೊಡ್ಡ ಎಂಜಿನ್ ಯಾಕೆ’ ಎಂದು ಅವರು ಅಂದದ್ದು ತಪ್ಪು. ತಪ್ಪು ಎಂದು ಅವರ ಎದುರಿಗೇ ಹೇಳಿದ್ದೇನೆ, ಅವರ ಹೆಂಡತಿಯೂ ಹೇಳಿದ್ದಾರೆ. ಆದರೆ ದೋಣಿಯ ವಿಷಯದಲ್ಲಿ ನೀನು ಎಲ್ಲರಿಗಿಂತ ಮೊದಲು ಕೇಳಬೇಕಾದದ್ದು ಅವರನ್ನೇ. ಯಾಕೆಂದರೆ ಈ ಬಳಗದಲ್ಲಿ ತಮ್ಮ ನಷ್ಟವನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಯಗಚಿ ಜಲಾಶಯದಲ್ಲಿ ಓಡಿಸುತ್ತಿದ್ದ ತಮ್ಮ ದೋಣಿಗೆ ಅವರು ದೊಡ್ಡ ಎಂಜಿನ್ ಹಾಕಿಸಿದ್ದರು. ನಮ್ಮಂಥ 15ರ ಟೂ ಸ್ಟ್ರೋಕ್ ಎಂಜಿನ್ 40 ಕಿಲೋ ಒಳಗಿರುತ್ತದೆ. 40ರ ಫೋರ್ ಸ್ಟ್ರೋಕ್ ಸುಮಾರು 100 ಕಿಲೋ ತೂಗುತ್ತದೆ. ಆ ತೂಕ, ಆ ತಳ್ಳು ಎಲ್ಲವನ್ನೂ ಹೊರುವುದು ಹಿಂಬದಿಯ ಹಲಗೆ. ಮೇಲೆ ಫೈಬರ್ ಇದ್ದರೂ ಒಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ನಿನ ಬೋಲ್ಟ್ ಕೂರುವ ತೂತಿನಿಂದ ನೀರು ಇಳಿದು ಅವರ ಪ್ಲೈವುಡ್ ಒಳಗೊಳಗೇ ಕೊಳೆತಿತ್ತು, ಹೊರಗೆ ಬಣ್ಣ ಫಳಫಳ ಹೊಳೆಯುತ್ತಿತ್ತು.

ಅದು ತಿಳಿದ ಮೇಲೆ ಮಾವ ಏನು ಮಾಡಿದರು ಗೊತ್ತೇ? ದೋಣಿಗೆ ಬಣ್ಣ ಬಳಿದು ಮಾರಿಬಿಡಬಹುದಿತ್ತು. ಅವರು ನಮ್ಮನ್ನೆಲ್ಲ ಮನೆಗೆ ಕರೆದರು. ಅಂಗಳದಲ್ಲಿ ದೋಣಿ ಮಗುಚಿ ಹಾಕಿ, ಸ್ಕ್ರೂಡ್ರೈವರ್ ಹಿಡಿಯಿಂದ ಹಲಗೆಯ ಮೇಲೆ ಇಂಚಿಂಚಾಗಿ ತಟ್ಟಿ ತೋರಿಸಿದರು. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತಿತ್ತು, ಕೊಳೆತಲ್ಲಿ ದಬ್ ಎಂದು ಸದ್ದು ಸತ್ತು ಹೋಗುತ್ತಿತ್ತು. ಒಂದು ಬೋಲ್ಟ್ ಬಿಚ್ಚಿದಾಗ ತೂತಿನಿಂದ ಕಂದು ನೀರು ಇಳಿದು ಫೈಬರಿನ ಮೇಲೆ ಗೆರೆ ಎಳೆಯಿತು. ನಮ್ಮೆಲ್ಲರ ಕೈಯಲ್ಲೂ ತಟ್ಟಿಸಿದರು. ಎಷ್ಟು ಹಣ ಹೋಯಿತು ಎಂಬುದನ್ನೂ ಮುಚ್ಚಿಡಲಿಲ್ಲ. ಅಂದಿನಿಂದ ಯಾವ ದೋಣಿ ನೋಡಿದರೂ ನನ್ನ ಕೈ ಮೊದಲು ಹಿಂಬದಿಗೇ ಹೋಗುತ್ತದೆ. ಇಂಥ ಮನುಷ್ಯ ಸಿಗುವುದು ಅಪರೂಪ, ಮಗಳೇ. ಹೆಣ್ಣುಮಕ್ಕಳ ಬಗ್ಗೆ ಅವರ ತಿಳಿವಳಿಕೆ ಹಳೆಯದು. ಅದನ್ನು ನೀನು ದೋಣಿ ನಡೆಸಿ ತಿದ್ದು. ಮಾತು ಬಿಡಬೇಡ.

ಸ್ನೇಹಿತರನ್ನು ಕೇಳುವ ಬಗೆಯೂ ಒಂದಿದೆ. ‘ಯಾವುದು ಕೊಳ್ಳಲಿ’ ಎಂದು ಕೇಳಿದರೆ ತಾವು ಕೊಂಡದ್ದನ್ನೇ ಹೊಗಳುತ್ತಾರೆ, ಅದು ಮನುಷ್ಯ ಸಹಜ. ‘ಕೊಂಡ ಮೇಲೆ ಏನೇನು ಕೆಟ್ಟಿತು, ಬಿಡಿಭಾಗ ಬರಲು ಎಷ್ಟು ದಿನವಾಯಿತು, ಈಗ ಕೊಳ್ಳುವುದಾದರೆ ಏನು ಬದಲಿಸುತ್ತೀರಿ’ ಎಂದು ಕೇಳು. ಸಾಧ್ಯವಾದರೆ ಅವರ ದೋಣಿಯಲ್ಲಿ ಒಂದು ದಿನ ಪೂರ್ತಿ ಕೂತು ಬಾ. ಲಕ್ಕವಳ್ಳಿಯ ಅಕ್ಕ ಆಗಲೇ ಕರೆದಿದ್ದಾಳೆ. ಬೇಸಿಗೆಯಲ್ಲಿ ಹೋದರೆ ನದಿ ರೀವ ಹಕ್ಕಿಗಳು ಭದ್ರೆಯ ನಡುಗಡ್ಡೆಗಳಲ್ಲಿ ಮೊಟ್ಟೆ ಇಡುವುದನ್ನು ದೂರದಿಂದ ನೋಡಬಹುದು. ದೋಣಿಯವರು ಎಂಜಿನ್ ತಗ್ಗಿಸಿ, ದಡಕ್ಕೆ ಅಲೆ ಬಡಿಯದಂತೆ ಹೇಗೆ ಸಾಗುತ್ತಾರೆ ಎಂಬುದನ್ನೂ ಗಮನಿಸು.

ಚಿಕ್ಕಪ್ಪ ಹೇಳಿದ ಸೆಕೆಂಡ್ ಹ್ಯಾಂಡ್ ಎಂಜಿನ್ ಬಗ್ಗೆ ನನಗೆ ಅನುಮಾನವಿದೆ, ಅವರ ಮೇಲಲ್ಲ. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನ ತಂಪುನೀರಿನ ದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ, ಹೊರಗಿನಿಂದ ತೊಳೆದರೆ ಹೋಗುವುದಿಲ್ಲ. ಚಾಲೂ ಮಾಡಿದಾಗ ಪಕ್ಕದಿಂದ ನೀರಿನ ಸಣ್ಣ ಧಾರೆ ಜೋರಾಗಿ ಬರುತ್ತದೆಯೇ ನೋಡು. ಕೆಳಗಿನ ಗೇರ್‌ಬಾಕ್ಸಿನ ಸ್ಕ್ರೂ ಸಡಿಲಿಸಿ ಒಂದಿಷ್ಟು ಎಣ್ಣೆ ಅಂಗೈಗೆ ಬಿಟ್ಟುಕೋ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ, ಸೀಲ್ ಹೋಗಿದೆ. ಬಲೆಯ ನೈಲಾನ್ ದಾರ ಪ್ರೊಪೆಲರ್ ಹಿಂದೆ ಸುತ್ತಿಕೊಂಡರೆ ಸೀಲನ್ನು ಕೊಯ್ದುಬಿಡುತ್ತದೆ. ನಮ್ಮ ಹಿನ್ನೀರಿನಲ್ಲೂ ಆ ಭಯ ಇದ್ದೇ ಇದೆ.

ಆ ಮಾತು ಬಂದದ್ದರಿಂದ ಹೇಳುತ್ತೇನೆ. ತೆಪ್ಪದಲ್ಲಿ ಮೀನು ಹಿಡಿಯುವವರೂ ನಮ್ಮ ಬಳಗವೇ. ನೀನು ಬರೆದ ಪಟ್ಟಿಯಲ್ಲಿ ಅವರು ಇರಲಿಲ್ಲ. ನೀರು ಇಳಿದಾಗ ಎಲ್ಲಿ ಮರದ ಬುಡ, ಎಲ್ಲಿ ಮುಳುಗಿದ ಊರಿನ ಕಲ್ಲುಗೋಡೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಬುಡ ಸಮೇತ ಹೊರಬರುವುದನ್ನು ಎಲ್ಲರೂ ನೋಡುತ್ತಾರೆ. ಹಾಗೆ ಹೊರಬಾರದೆ ನೀರಿನ ಒಂದಡಿ ಕೆಳಗೇ ನಿಲ್ಲುವ ಗೋಡೆಗಳು ಎಷ್ಟೋ ಇವೆ, 15ರ ವೇಗದಲ್ಲಿ ತಗುಲಿದರೆ ಪ್ರೊಪೆಲರ್ ಮುರಿಯುತ್ತದೆ, 40ರ ವೇಗದಲ್ಲಿ ಜನ ಹಾರಿ ಬೀಳುತ್ತಾರೆ. ಅದಕ್ಕೇ ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಸುವ ಆ ಕೆಂಪು ಸುರುಳಿ ಹಗ್ಗ ಸದಾ ನಿನ್ನ ತೊಡೆಗೆ ಕಟ್ಟಿರಬೇಕು. ನೀನು ಬಿದ್ದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ತೆಪ್ಪದ ಹತ್ತಿರ ಹೋಗುವಾಗ ವೇಗ ತಗ್ಗಿಸು. ನಮ್ಮ ಅಲೆ ನಮಗೆ ಕಾಣುವುದಿಲ್ಲ, ತೆಪ್ಪದಲ್ಲಿ ಕೂತವರಿಗೆ ಅದು ಜೀವಭಯ. ಕಳೆದ ಆಷಾಢದ ಗಾಳಿಯಲ್ಲಿ ನಮ್ಮ ಎಂಜಿನ್ ನಡುನೀರಿನಲ್ಲಿ ನಿಂತಾಗ ಕತ್ತಲಲ್ಲಿ ಟಾರ್ಚ್ ಹಿಡಿದು, ಹುಟ್ಟು ಹಾಕಿಕೊಂಡು ಮೊದಲು ಬಂದವರು ಅವರು. ಹಗ್ಗ ಕಟ್ಟಿ ಎಳೆಯಲು ಬೇಲೂರಿನ ಮಾವ ತಮ್ಮ ದೋಣಿಯನ್ನು ಟ್ರಾಲಿಯಲ್ಲಿ ಹೇರಿಕೊಂಡು ಅಷ್ಟು ದೂರದಿಂದ ಬಂದರು. ಇಬ್ಬರೂ ಒಂದು ಲೋಟ ಕಾಫಿಯ ಹೊರತು ಏನೂ ಮುಟ್ಟಲಿಲ್ಲ. ದೋಣಿ ದೊಡ್ಡದಾದ ಮೇಲೆ ಅಂಥ ಕರೆ ಮೊದಲು ನಮಗೇ ಬರುತ್ತದೆ. ಯಾವ ಹೊತ್ತಿನಲ್ಲಿ ಬಂದರೂ ಹೊರಡಬೇಕು.

ನಿನ್ನ ಬೆಂಗಳೂರಿನ ಗೆಳತಿ ಹೇಳಿದ ಎರಡು ಅಂತಸ್ತಿನ ದೋಣಿ ಮಾತ್ರ ಬೇಡವೇ ಬೇಡ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕಡಿಯಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. 2023ರ ಮೇ 7ರಂದು ಕೇರಳದ್ದೇ ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿದ್ದ ದೋಣಿ ಮುಳುಗಿ 22 ಜನ ಹೋದರು, ಅವರಲ್ಲಿ ಮಕ್ಕಳೇ ಹೆಚ್ಚು. ಮೇಲೆ ಜನ ನಿಂತಷ್ಟೂ ದೋಣಿ ಹೊರಳುವುದು ಸುಲಭ. ಆನೆ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗಿದರೆ ಯಾರೂ ತಡೆಯಲಾರರು. ನಮ್ಮದು ತಗ್ಗಾಗಿ, ಅಗಲವಾಗಿ ಇರಲಿ. ತಲೆಗೊಂದು ಲೈಫ್ ಜಾಕೆಟ್ ಇರಲಿ, ಮಕ್ಕಳ ಅಳತೆಯದೂ ಇರಲಿ, ಎಲ್ಲರೂ ತೊಟ್ಟು ಕೂತ ಮೇಲಷ್ಟೇ ಹಗ್ಗ ಬಿಚ್ಚು. ಪೆಟ್ರೋಲ್ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದನ್ನು ಮುಟ್ಟಬಾರದು.

ಗೋವಾದ ಸಂಸ್ಥೆಗೆ ಫೋನ್ ಮಾಡಿ ಮುಂದಿನ ಕೋರ್ಸ್ ಯಾವಾಗ, ಶುಲ್ಕ ಎಷ್ಟು ಎಂದು ಕೇಳಿ ತಿಳಿಸು. ಶುಲ್ಕವನ್ನು ನಾನು ಕೊಡುತ್ತೇನೆ, ಹೋಂಸ್ಟೇ ಲೆಕ್ಕದಲ್ಲಿ ಎತ್ತಿಟ್ಟಿದ್ದೇನೆ. ಬೇಲೂರಿನ ಮಾವನಿಗೆ ನೀನೇ ಫೋನ್ ಮಾಡು. ಸಂಜೆ ಏಳರ ಮೇಲೆ ಮಾಡಿದರೆ ಮನೆಯಲ್ಲಿ ಸಿಗುತ್ತಾರೆ. ಹಿಂಬದಿಯ ಹಲಗೆ ಎಷ್ಟು ದಪ್ಪ ಇರಬೇಕು, ಒಳಗೆ ಪ್ಲೈವುಡ್ ಇಲ್ಲದ ದೋಣಿ ಎಲ್ಲಿ ಸಿಗುತ್ತದೆ ಎಂದು ಅವರನ್ನು ಕೇಳು. ಬರುವಾಗ ನಮ್ಮ ಹಳೆಯ ಎಂಜಿನ್ನಿಗೆ ನೀರೆತ್ತುವ ಪಂಪಿನ ರಬ್ಬರ್ ಚಕ್ರ ಒಂದು ತಾ, ಹಾಸನದಲ್ಲಿ ಸಿಗಲಿಲ್ಲ. ಅಳತೆ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ.

ನಿನ್ನ ಪ್ರೀತಿಯ
ಅಮ್ಮ