ಗೆಳೆಯನಿಗೊಂದು ಪತ್ರ: ಆ ಫೆಂಡರ್ ಬೇಕಾ ನಿನಗೆ?

ಏನೋ ಮಾರಾಯಾ,

ನನ್ನ ಗಿಟಾರ್ ಆಂಪ್ (ಆಂಪ್ಲಿಫೈಯರ್) ಮಾರ್ತೀನಿ ಅಂತ ಬಾಯಿಬಿಟ್ಟಿದ್ದೇ ತಡ, "ಇನ್ಯಾರಿಗೂ ಕೊಡಬೇಡ" ಅಂತ ಮೂರು ಮೆಸೇಜ್ ಹಾಕಿದೀಯ. ಕೊಡಲ್ಲ. ಆದರೆ ಮೊದಲು ಅದರ ಜಾತಕ ಕೇಳು.

ಅದು ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್, ಸಿಲ್ವರ್‌ಫೇಸ್, ಅಂದರೆ ಮುಂದಿನ ಪಟ್ಟಿ ಬೆಳ್ಳಿ ಬಣ್ಣದ್ದು. ಮಾರಿದ ಪುಣ್ಯಾತ್ಮ 1968ರದ್ದು ಅಂತ ಆಣೆ ಹಾಕಿದ್ದ. ಮನೆಗೆ ತಂದು, ಬಿಚ್ಚಿ, ವಾಲ್ಯೂಮ್ ಗುಂಡಿಯ ಹಿಂದಿರೋ ಪಾಟ್‌ನ (ಸದ್ದು ಏರಿಳಿಸೋ ಬಿಡಿಭಾಗದ) ಬೆನ್ನಿಗೆ ಟಾರ್ಚ್ ಹಿಡಿದೆ. 1377208 ಅಂತ ಒತ್ತಿದ್ದಾರೆ. 137 ಅಂದರೆ ಪಾಟ್ ಮಾಡಿದ ಸಿಟಿಎಸ್ ಕಂಪನಿ, 72 ಇಸವಿ, 08 ಎಂಟನೇ ವಾರ. ಉಳಿದ ಪಾಟ್‌ಗಳೂ ಅದೇ ವರ್ಷದವು, ಬೆಸುಗೆ ಯಾರೂ ಮುಟ್ಟಿಲ್ಲ, ಅಂದರೆ ಆಂಪ್ 72ಕ್ಕಿಂತ ಹಳೆಯದಲ್ಲ. ಅವನು ನಾಲ್ಕು ವರ್ಷ ವಯಸ್ಸು ಏರಿಸಿ ಹೇಳಿದ್ದಕ್ಕೆ ನಾನು ದಂಡ ತೆತ್ತೆ, ನೀನು ತೆರಬೇಡ.

ಸದ್ದಿನ ವಿಷಯದಲ್ಲಿ ಮಾತ್ರ ಮೋಸ ಇಲ್ಲ. ವಾಲ್ಯೂಮ್ ನಾಲ್ಕರವರೆಗೆ ಗಾಜಿನ ಬಳೆ ತಾಗಿದ ಹಾಗೆ, ಆರು ದಾಟಿದರೆ ಗಂಟಲು ಒಡೆಯುತ್ತೆ. ಆ ಒಡಕು ಗಂಟಲಿಗೇ ನಾನು ಬಿದ್ದಿದ್ದು. ಇಲ್ಲಿ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಲ್ಲಿ ಆರು ಮುಟ್ಟೋ ಹಾಗಿಲ್ಲ. 22 ವಾಟ್ ಅಂದರೆ ಏನು ಮಹಾ ಅನ್ಬೇಡ, ಕೆಳಗಿನ ಮನೆಯಾಕೆಯನ್ನ ಕೇಳು. ಆಂಪ್ ಎತ್ತುವಾಗ ಜಾರಿದರಂತೂ ಪ್ರತಿಧ್ವನಿ ಕೊಡೋ ರಿವರ್ಬ್ ಸ್ಪ್ರಿಂಗ್ ಗುಡುಗಿದ ಹಾಗೆ ಧಡಾರ್ ಅನ್ನುತ್ತೆ.

ಒಳಗೆ ಹಳೇ ರೇಡಿಯೋದಲ್ಲಿದ್ದಂಥ ಒಂಬತ್ತು ಗಾಜಿನ ವಾಲ್ವ್. ಸ್ಪೀಕರ್‌ಗೆ ಪವರ್ ಕೊಡೋ ಎರಡು ವಾಲ್ವ್, 6ವಿ6 ಅಂತಾರೆ, ಹೋದ ವರ್ಷ ಬದಲಿಸಿದೆ. ಗುಂಯ್ ಅನ್ನೋ ಹಮ್ ಬರ್ತಿತ್ತು, ಅದಕ್ಕೆ ಕರೆಂಟ್ ಹಿಡಿದಿಟ್ಟುಕೊಳ್ಳೋ ಫಿಲ್ಟರ್ ಕೆಪಾಸಿಟರ್‌ಗಳನ್ನೂ ಹೊಸದು ಹಾಕಿಸಿದೆ. ಸ್ಪೀಕರ್ ಕೋನ್‌ನಲ್ಲಿ ಉಗುರಷ್ಟು ಹರಕು ಇದೆ, ಅಂಟು ಹಚ್ಚಿದೀನಿ.

ಈಗ ಮೈಸೂರಿನ ತಾಪತ್ರಯ. ಇದು ಅಮೆರಿಕದ 120 ವೋಲ್ಟಿನದ್ದು. ನಮ್ಮ 230ಕ್ಕೆ ನೇರ ಚುಚ್ಚಿದೆಯೋ, ಫ್ಯೂಸ್ ಹೋದರೆ ಅದೃಷ್ಟ, ಟ್ರಾನ್ಸ್‌ಫಾರ್ಮರ್ ಹೋದರೆ ನಿನ್ನ ಕರ್ಮ. ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಲೇಬೇಕು. ತೂಕ 19 ಕಿಲೋ, ವಾಲ್ವ್ ಕಿತ್ತು ಬನಿಯನ್‌ನಲ್ಲಿ ಸುತ್ತಿ ಕೈಚೀಲದಲ್ಲಿ ತರ್ತೀನಿ.

ಬಿಚ್ಚಿ ನೋಡೋ ನಿನ್ನ ಚಪಲ ಗೊತ್ತು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಕೂತಿರಬಹುದು, ಡಿಸ್‌ಚಾರ್ಜ್ ಮಾಡದೆ ಕೈ ಹಾಕಬೇಡ. ನಿಮ್ಮಪ್ಪ ಜಾಲಹಳ್ಳಿ ಬಿಇಎಲ್‌ನಲ್ಲಿ ರೇಡಿಯೋ ವಾಲ್ವ್ ಮಾಡ್ತಿದ್ದ ಕಾಲದವರಲ್ವಾ, ಅವರು ಪಕ್ಕದಲ್ಲಿ ಕೂತರೆ ಮಾತ್ರ ಬಿಚ್ಚು.

ನಿನಗೆ 1,400 ಡಾಲರ್. ಡಿಸೆಂಬರಲ್ಲಿ ಊರಿಗೆ ಬರ್ತಿದೀನಿ, ಅಪ್ಪನ್ನ ಕೇಳಿ ಭಾನುವಾರದೊಳಗೆ ಹೇಳು.

ನಿನ್ನ,
ಹಾಸ್ಟೆಲ್ ರೂಮ್‌ಮೇಟ್