ಕಟು ವಿಮರ್ಶೆಗೆ ನಟರು ಬಹಿರಂಗವಾಗಿ ಉತ್ತರಿಸಬೇಕೇ?

ಮಾನ್ಯ ಸಂಪಾದಕರೇ,

ಉಡುಪಿ, ಮಂಗಳೂರು ಪರಿಸರದ ನಾಟಕಗಳ ಕುರಿತು ಪತ್ರಿಕೆಗಳಲ್ಲಿ ಬರುವ ವಿಮರ್ಶೆ ತುಸು ಖಾರವಾಗಿದ್ದರೂ ಸಾಕು, ಅದೇ ದಿನ ಮಧ್ಯಾಹ್ನದೊಳಗೆ ನಟರೋ ಅವರ ಸ್ನೇಹಿತರೋ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ವಿಮರ್ಶಕರ ಮೇಲೆ ಮುಗಿಬೀಳುವುದನ್ನು ಈಚೆಗೆ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಹವ್ಯಾಸಿ ನಾಟಕಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ಪ್ರೇಕ್ಷಕನಾಗಿ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ತಮ್ಮ ಅಭಿನಯದ ಗುಣದೋಷಗಳ ಬಗ್ಗೆ ಬಂದ ಮಾತು ಎಷ್ಟೇ ಕಟುವಾಗಿರಲಿ, ಅದಕ್ಕೆ ನಟರು ಬಹಿರಂಗವಾಗಿ ಉತ್ತರ ಕೊಡಬಾರದು. ಬರೆದ ಸಂಗತಿಯೇ ತಪ್ಪಾಗಿದ್ದರೆ ಕೊಡಲೇಬೇಕು.

'ಮುಂದಿನ ಪ್ರದರ್ಶನವೇ ಉತ್ತರ' ಎಂಬ ಬುದ್ಧಿವಾದವನ್ನು ನಾನು ಹೇಳಲಾರೆ. ಊರೂರು ತಿರುಗುವ ವೃತ್ತಿಪರ ತಂಡಕ್ಕೆ ಅದು ಸರಿ. ನಮ್ಮಲ್ಲಿ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ದುಡಿಯುವವರು ಸಂಜೆ ಒಟ್ಟುಗೂಡಿ ತಿಂಗಳುಗಟ್ಟಲೆ ತಾಲೀಮು ನಡೆಸಿ, ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಸ್ಪರ್ಧೆಗೆಂದು ಒಂದೇ ಒಂದು ಪ್ರದರ್ಶನ ನೀಡುತ್ತಾರೆ. ಅದೇ ರಾತ್ರಿ ರಂಗಸಜ್ಜಿಕೆ ಬಿಚ್ಚಿ ಟೆಂಪೋ ಹತ್ತುತ್ತದೆ. ಆ ನಾಟಕ ಮತ್ತೊಮ್ಮೆ ರಂಗವೇರದೆಯೂ ಹೋಗಬಹುದು. ಆಗ ಅದರ ಬಗ್ಗೆ ಉಳಿಯುವ ಲಿಖಿತ ದಾಖಲೆಯೆಂದರೆ ಪತ್ರಿಕೆಯ ಆ ಅರ್ಧ ಕಾಲಂ ಮಾತ್ರ. ಅದರಲ್ಲಿ 'ನಾಯಕಿಯ ಪಾತ್ರ ಪೇಲವ' ಎಂದು ಬಂದರೆ ಆಗುವ ನೋವು ಸಣ್ಣದಲ್ಲ, ಸಿಟ್ಟೂ ಸಹಜ. ಇಷ್ಟನ್ನೂ ಒಪ್ಪಿಕೊಂಡೇ ನಾನು ಮೌನದ ಪರವಾಗಿದ್ದೇನೆ.

ಕಾರಣ ಇಷ್ಟೆ. ತನ್ನ ಅಭಿನಯವನ್ನು ನಟ ತಾನೇ ನೋಡಲಾರ. ಪಾತ್ರದ ದುಃಖವನ್ನು ಆತ ಎಷ್ಟೇ ಆಳವಾಗಿ ಅನುಭವಿಸಿರಲಿ, ಅದು ಹಿಂದಿನ ಸಾಲಿನ ಪ್ರೇಕ್ಷಕನನ್ನು ಮುಟ್ಟಿತೋ ಇಲ್ಲವೋ ಎಂದು ಹೇಳಬಲ್ಲವನು ಆ ಸಾಲಿನಲ್ಲಿ ಕುಳಿತವನೇ. 'ನಾನು ಚೆನ್ನಾಗಿಯೇ ಮಾಡಿದ್ದೇನೆ' ಎಂದು ನಟ ಬರೆದರೆ ಅದಕ್ಕೆ ಸಾಕ್ಷಿ ಯಾರು? ಹೊಗಳಲು ಬರುವ ಸ್ನೇಹಿತರು ಸಾಕ್ಷಿಗಳಲ್ಲ. ಅವರಲ್ಲಿ ಎಷ್ಟೋ ಮಂದಿ ನಾಟಕವನ್ನೇ ನೋಡಿರುವುದಿಲ್ಲ.

ಭರತನ ನಾಟ್ಯಶಾಸ್ತ್ರದ ಸಿದ್ಧಿ ಪ್ರಕರಣದಲ್ಲಿ ಪ್ರಯೋಗವನ್ನು ತೂಗಿ ನೋಡುವ ಪ್ರಾಶ್ನಿಕರ ಮಾತಿದೆ, ಪ್ರಯೋಗಕ್ಕೆ ಒದಗುವ ವಿಘ್ನಗಳ ವಿಂಗಡಣೆಯೂ ಇದೆ. ಗಾಳಿ, ಮಳೆ, ಬೆಂಕಿಯಂತಹ ದೈವಕೃತ ವಿಘ್ನಗಳು ಬೇರೆ, ನಟನಿಂದಲೇ ಆದ ತಪ್ಪುಗಳು ಬೇರೆ. ನಮ್ಮ ಇಂದಿನ ಜಗಳಗಳಿಗೆ ಈ ಭೇದ ಬಹಳ ಪ್ರಯೋಜನಕಾರಿ. ಮಳೆಗಾಲದಲ್ಲಿ ತಗಡಿನ ಮಾಡಿನ ಸಭಾಂಗಣವೊಂದರಲ್ಲಿ ನಾನು ನೋಡಿದ ನಾಟಕದ ಎರಡನೆಯ ದೃಶ್ಯ ಆರಂಭವಾಗುವಷ್ಟರಲ್ಲಿ ಜಡಿಮಳೆ ಹಿಡಿದು, ನಟಿಯ ಮಾತು ನಾಲ್ಕನೆಯ ಸಾಲಿಗೂ ಕೇಳಿಸಲಿಲ್ಲ. 'ಧ್ವನಿ ಸಾಲದು' ಎಂದಷ್ಟೇ ವಿಮರ್ಶೆಯಲ್ಲಿ ಬಂತು. ಮಳೆಯ ಉಲ್ಲೇಖವೇ ಇರಲಿಲ್ಲ. ಇಂತಹ ಕಡೆ ತಂಡದವರು ಪತ್ರಿಕೆಗೆ ನಾಲ್ಕು ಸಾಲು ಬರೆದು, ಹೆಸರು ಹಾಕಿ, ಆದದ್ದನ್ನು ತಿಳಿಸಬೇಕಿತ್ತು. ಹಾಗೆ ಮಾಡದೆ ವಿಮರ್ಶಕರ ಯೋಗ್ಯತೆಯನ್ನೇ ಜಾಲತಾಣದಲ್ಲಿ ಜಾಲಾಡಿದರು. ನ್ಯಾಯವಾದ ತಕರಾರು ಬೈಗುಳದ ನಡುವೆ ಮುಳುಗಿಹೋಯಿತು.

ಉತ್ತರಿಸಲು ಹೋದವರು ಟೀಕೆಯನ್ನೇ ಚಿರಸ್ಥಾಯಿ ಮಾಡಿದ ನಿದರ್ಶನ ಹೊರಗೂ ಇದೆ. 1973ರಲ್ಲಿ ನ್ಯೂಯಾರ್ಕಿನಲ್ಲಿ ನಟಿ ಸಿಲ್ವಿಯಾ ಮೈಲ್ಸ್ ತಮ್ಮ ಬಗ್ಗೆ ಕಟುವಾಗಿ ಬರೆದ ವಿಮರ್ಶಕ ಜಾನ್ ಸೈಮನ್ ತಲೆಯ ಮೇಲೆ ಊಟದ ತಟ್ಟೆಯನ್ನೇ ಸುರಿದರು. ಸೈಮನ್ ಬರೆದ ಆ ಮಾತನ್ನು ಇಂದಿಗೂ ಜನ ನೆನೆಯುವುದಿದ್ದರೆ ಅದಕ್ಕೆ ಆ ತಟ್ಟೆಯೇ ಕಾರಣ. ಇದಕ್ಕೆ ಎದುರಾದ ಉದಾಹರಣೆ ಬ್ರಿಟಿಷ್ ನಟ, ನಿರ್ದೇಶಕ ಲಾರೆನ್ಸ್ ಒಲಿವಿಯರ್ ಅವರದು. 1962ರಲ್ಲಿ ಚಿಚೆಸ್ಟರ್‌ನಲ್ಲಿ ಅವರ ನಿರ್ದೇಶನದಲ್ಲಿ ನಡೆದ ಪ್ರಯೋಗಗಳನ್ನು ವಿಮರ್ಶಕ ಕೆನೆತ್ ಟೈನನ್ ಪತ್ರಿಕೆಯಲ್ಲಿ ತೀಕ್ಷ್ಣವಾಗಿ ಟೀಕಿಸಿದ್ದರು. ಮರುವರ್ಷ ಬ್ರಿಟನ್ನಿನ ನ್ಯಾಷನಲ್ ಥಿಯೇಟರ್ ಒಲಿವಿಯರ್ ನೇತೃತ್ವದಲ್ಲಿ ಆರಂಭವಾದಾಗ ಅದರ ಸಾಹಿತ್ಯ ವಿಭಾಗದ ಹೊಣೆ ಹೊತ್ತವರು ಅದೇ ಟೈನನ್.

ನನ್ನ ನಿಜವಾದ ಆತಂಕ ಇರುವುದು ಇನ್ನೊಂದು ಕಡೆ. ಒಮ್ಮೆ ಹೀಗೆ ದಾಳಿಗೆ ಒಳಗಾದ ವಿಮರ್ಶಕ ಮತ್ತೆ ಬರೆಯುವಾಗ ಹಿಂಜರಿಯುತ್ತಾನೆ, ಇಲ್ಲವೇ ಬರೆಯುವುದನ್ನೇ ಬಿಡುತ್ತಾನೆ. ಆ ಜಾಗದಲ್ಲಿ 'ನಾಟಕ ಪ್ರೇಕ್ಷಕರ ಮನಸೂರೆಗೊಂಡಿತು' ಎಂಬ, ಯಾವ ನಾಟಕಕ್ಕೂ ಹೊಂದುವ ವರದಿ ಬರುತ್ತದೆ. ಈಗಲೇ ನಮ್ಮಲ್ಲಿ ಅಂತಹ ವರದಿಗಳೇ ಹೆಚ್ಚು. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿಗಳ ಖಂಡನೆ ಮಂಡನೆಗಳನ್ನು ರಾತ್ರಿಯಿಡೀ ಕುಳಿತು ಸವಿಯುವ, ಒಂದು ಮಾತು ಹಳಿ ತಪ್ಪಿದರೂ ಮರುದಿನ ಹೋಟೆಲಿನಲ್ಲಿ ಚರ್ಚಿಸುವ ಈ ಊರಿನ ಪ್ರೇಕ್ಷಕರಿಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಸಲ್ಲಬೇಕು.

ಮೌನಕ್ಕೂ ಒಂದು ಮಿತಿ ಇದೆ. ನಟಿಯ ಮೈಬಣ್ಣ, ಮೈಕಟ್ಟು, ಜಾತಿ, ತುಳು ಸೋಂಕಿದ ಕನ್ನಡದ ಉಚ್ಚಾರಣೆ, ಇವುಗಳನ್ನು ಗೇಲಿ ಮಾಡುವ ಬರಹ ವಿಮರ್ಶೆಯೇ ಅಲ್ಲ. ಅದನ್ನು ಖಂಡಿಸುವ ಹೊಣೆಯನ್ನು ನೊಂದವರ ಮೇಲೆಯೇ ಹೊರಿಸದೆ ಪ್ರೇಕ್ಷಕರಾದ ನಾವೇ ಮುಂದೆ ಬಂದು ಬರೆಯಬೇಕು.

ಪತ್ರಿಕೆಗಳಲ್ಲಿ ನನ್ನದೊಂದು ವಿನಂತಿಯಿದೆ. ನಾಟಕ ವಿಮರ್ಶೆಯನ್ನು ಬರೆದವರ ಪೂರ್ಣ ಹೆಸರಿನೊಂದಿಗೇ ಪ್ರಕಟಿಸಿ, ಪೂರ್ತಿ ನಾಟಕ ನೋಡದವರಿಂದ ಬರೆಸಬೇಡಿ. ಸಂಗತಿಯ ತಪ್ಪನ್ನು ತೋರಿಸಿ ತಂಡದವರು ಕಳುಹಿಸುವ ಚಿಕ್ಕ ಪತ್ರಕ್ಕೆ ವಾರದೊಳಗೆ, ವಿಮರ್ಶೆ ಬಂದ ಅದೇ ಪುಟದಲ್ಲಿ ಜಾಗ ಕೊಡಿ.

– ಒಬ್ಬ ರಂಗಾಸಕ್ತ, ಕುಂಜಿಬೆಟ್ಟು, ಉಡುಪಿ