ತಟ್ಟೆ ಸ್ಟ್ಯಾಂಡಿನಲ್ಲಿ ಒಣಗಿದ ಹಾಡುಗಳು

ಕಳೆದ ಭಾನುವಾರ ಸಂಜೆ 288ನೆಯ ರೆಕಾರ್ಡ್ ತಿರುಗಿ ನಿಂತಿತು. ತಿಂಗಳಿಗೆ ಎಂಟರಂತೆ ಮೂವತ್ತಾರು ತಿಂಗಳು ನೀವೆಲ್ಲ ಈ ಚಿಕ್ಕ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತು, ನಿಮ್ಮಲ್ಲಿ ಅರ್ಧ ಜನರಿಗೆ ಹಿಡಿಸದ ಸಂಗೀತವನ್ನು ಕೇಳಿದ್ದೀರಿ. ಅಣ್ಣನ ಪೆಟ್ಟಿಗೆಗಳಲ್ಲಿ ಇದ್ದದ್ದೆಲ್ಲ ಮುಗಿಯಿತು. ಕೊನೆಯಲ್ಲಿ ಎದ್ದು ನಿಂತು ನಾಲ್ಕು ಮಾತು ಹೇಳಲು ಹೋಗಿ ಗಂಟಲು ಕೈಕೊಟ್ಟದ್ದನ್ನು ನೀವೇ ನೋಡಿದಿರಿ. ಹಾಗಾಗಿ ಬರೆಯುತ್ತಿದ್ದೇನೆ.

ಅಣ್ಣನ ಕೊನೆಯ ತಿಂಗಳುಗಳು ನಿಮಗೆ ಗೊತ್ತಿರುವ ವಿಷಯ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಮಳೆನೀರು ಮನೆಗಳಿಗೆ ನುಗ್ಗಿ ಏನಾಯಿತೆಂಬುದನ್ನೂ ವಿವರಿಸಬೇಕಾಗಿಲ್ಲ. ಆ ವಾರ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದವರು ನಿಮ್ಮಲ್ಲೇ ಇದ್ದೀರಿ. ಇಷ್ಟು ನೆನಪಿಸಿದರೆ ಸಾಕು: ನಮ್ಮದು ನೆಲಮಹಡಿ. ಅಣ್ಣ ಮ್ಯಾಂಚೆಸ್ಟರ್‌ನಲ್ಲಿದ್ದ ಇಪ್ಪತ್ತು ವರ್ಷಗಳಲ್ಲಿ ಕೂಡಿಟ್ಟ 295 ಪಂಕ್ ರೆಕಾರ್ಡುಗಳು (ಬಿರುಸಾದ, ಚುಟುಕಾದ ರಾಕ್ ಹಾಡುಗಳವು), ಬಹುಪಾಲು ಏಳಿಂಚಿನವು, ಕಪಾಟಿನ ಕೆಳಗಿನ ಎರಡು ಅಂತಸ್ತಿನಲ್ಲಿದ್ದವು. ಭಾರವಾದದ್ದು ಕೆಳಗಿರಬೇಕು ಎಂಬುದು ನನ್ನದೇ ಜಾಣತನ.

ಮೊದಲು ಸಣ್ಣ ಸಾಲಗಳನ್ನು ತೀರಿಸುತ್ತೇನೆ. ಒಂದು ಪೆಟ್ಟಿಗೆಯನ್ನೂ ತನಗೆಂದು ಉಳಿಸಿಕೊಳ್ಳದೆ ಎಲ್ಲವನ್ನೂ ಕಳುಹಿಸಿಕೊಟ್ಟ ಅತ್ತಿಗೆಗೆ, ರೆಕಾರ್ಡ್ ಪ್ಲೇಯರಿನ ಮುಳ್ಳು ಮುರಿದಾಗ ಮೈಸೂರಿನಿಂದ ಮರುದಿನವೇ ಹೊಸ ಮುಳ್ಳು ತಂದುಕೊಟ್ಟ ಗೆಳೆಯನಿಗೆ, ಕರಗಿಹೋದ ಸಾಹಿತ್ಯದ ಹಾಳೆಗಳ ನೆರಳಚ್ಚನ್ನು ಗ್ಲಾಸ್ಗೋದಿಂದ ಅಂಚೆಯಲ್ಲಿ ಕಳುಹಿಸಿದ, ನಾನು ಇಂದಿಗೂ ಮುಖ ನೋಡಿರದ ಮಹನೀಯರಿಗೆ, ಪ್ರತಿ ತಿಂಗಳೂ ಕೋಡುಬಳೆ ತರುತ್ತಿದ್ದ ದಂಪತಿಗೆ ವಂದನೆಗಳು. ಮೇಲ್ಮನೆಯವರೇ, ನಿಮ್ಮ ಹಜಾರವನ್ನು ಮೂರು ದಿನ ಕೆಸರು ಮಾಡಿದೆವು. ಸ್ಟೀಲಿನ ತಟ್ಟೆ ಸ್ಟ್ಯಾಂಡ್ ಇನ್ನೂ ನನ್ನ ಬಳಿಯೇ ಇದೆ. ಈ ವಾರ ಖಂಡಿತ ತಂದುಕೊಡುತ್ತೇನೆ.

ಹೊಸ ಹೊದಿಕೆಗಳನ್ನು ಕತ್ತರಿಸಿ ಅಂಟಿಸಿದ ಇಬ್ಬರು ಮಕ್ಕಳಿಗೆ ಮಾತ್ರ ಇನ್ನೊಂದಿಷ್ಟು ಹೇಳಬೇಕು. ವಾಷಿಂಗ್ಟನ್ ನಗರದಲ್ಲಿ ಟೀನ್ ಐಡಲ್ಸ್ ಎಂಬ ಹುಡುಗರ ತಂಡವೊಂದಿತ್ತು. 1980ರಲ್ಲಿ ತಂಡ ಒಡೆದ ಮೇಲೆ, ಕೈಯಲ್ಲಿ ಉಳಿದಿದ್ದ ಹಣದಿಂದ ತಮ್ಮ ಹಾಡುಗಳ 1,000 ಪ್ರತಿ ಅಚ್ಚು ಹಾಕಿಸಿದರು. ಹೊದಿಕೆ ಹೇಗೆ ಮಾಡುವುದೆಂದು ಅವರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ರೆಕಾರ್ಡೊಂದರ ಹೊದಿಕೆಯನ್ನು ಬಿಚ್ಚಿ ಹರಡಿ, ಅದರ ಅಂಚಿನುದ್ದಕ್ಕೂ ಗೆರೆ ಎಳೆದುಕೊಂಡು, ಕತ್ತರಿ ಮತ್ತು ಅಂಟು ಹಿಡಿದು ಕೈಯಲ್ಲೇ ಮಾಡಿದರು. ಡಿಸ್ಕಾರ್ಡ್ ಎಂಬ ರೆಕಾರ್ಡ್ ಸಂಸ್ಥೆ ಹುಟ್ಟಿದ್ದು ಹಾಗೆ. ನೀವು ಅದೇ ಕೆಲಸವನ್ನು ದಸರಾ ರಜೆಯಲ್ಲಿ ಮಾಡಿದಿರಿ, ನನ್ನ ಕಣ್ಣಿಗೆ ಅವರಿಗಿಂತ ಓರಣವಾಗಿ.

ಈಗ ದೊಡ್ಡ ಸಾಲ.

ಆ ರಾತ್ರಿ ಬೆಳಗಿನವರೆಗೆ ನನ್ನ ಜೊತೆಗಿದ್ದವರು ನಮ್ಮ ರಸ್ತೆಯ ತಿರುವಿನಲ್ಲಿರುವ ಬ್ಯಾಟರಿ ಅಂಗಡಿಯವರು. ಹೆಸರು ಹಾಕುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅದಕ್ಕೂ ಮೊದಲು ನಮ್ಮಿಬ್ಬರ ನಡುವೆ ಇದ್ದದ್ದು ವರ್ಷಕ್ಕೆರಡು ಬಾರಿ ಇನ್ವರ್ಟರ್‌ಗೆ ನೀರು ತುಂಬಿಸುವ ಸಂಬಂಧ ಮಾತ್ರ. ಒಮ್ಮೆ ಬೆಲೆ ಹೆಚ್ಚಾಯಿತೆಂದು ಗೊಣಗಿಯೂ ಇದ್ದೆ. ಅಂದು ಅವರು ಬಂದದ್ದು ನನ್ನ ರೆಕಾರ್ಡುಗಳಿಗಾಗಿ ಅಲ್ಲ. ತಾವು ಕೂರಿಸಿಕೊಟ್ಟ ಇನ್ವರ್ಟರ್‌ಗಳಿರುವ ನೆಲಮಹಡಿಯ ಮನೆಗಳಿಗೆಲ್ಲ ನೀರಿನಲ್ಲೇ ನಡೆದು ಹೋಗಿ, ಅವು ಆರಿವೆಯೇ ಎಂದು ನೋಡಿಕೊಂಡು ಬರುತ್ತಿದ್ದರು. ನಮ್ಮ ಮನೆಗೆ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು. ನಾನು ತೊಡೆಮಟ್ಟದ ನೀರಿನಲ್ಲಿ ಒದ್ದೆ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ನಿಂತಿದ್ದೆ. ಏನದು ಎಂದರು. ಹಾಡಿನ ಪ್ಲೇಟು ಎಂದೆ. ಎಷ್ಟಿವೆ ಎಂದರು. ಹೇಳಿದೆ. ಮಾತಿಲ್ಲದೆ ಹೊರಟುಹೋದರು.

ಮನೆಗೆ ಹೋದರೆಂದುಕೊಂಡೆ. ಅರ್ಧ ಗಂಟೆಯ ನಂತರ ಹೆಗಲ ಮೇಲೊಂದು ಬ್ಯಾಟರಿ, ಕೊರಳಿಗೆ ಸುತ್ತಿಕೊಂಡ ಎಲ್‌ಇಡಿ ದೀಪದ ಪಟ್ಟಿ, ಹಿಂದೆ ಹಗ್ಗ ಕಟ್ಟಿ ನೀರಿನಲ್ಲಿ ತೇಲಿಸಿಕೊಂಡು ಬಂದ ಡಿಸ್ಟಿಲ್ಡ್ ವಾಟರ್ ಕ್ಯಾನುಗಳು ಆರು. ಅವರ ಅಂಗಡಿಗೂ ನೀರು ನುಗ್ಗಿತ್ತು ಎಂಬುದು ನನಗೆ ತಿಳಿದದ್ದು ಎರಡು ದಿನದ ಮೇಲೆ.

ನೀರು ಬಿದ್ದ ಮಾತ್ರಕ್ಕೆ ವಿನೈಲ್ ಕೆಡುವುದಿಲ್ಲ. ಕೆಡಿಸುವುದು ನೀರಿನೊಳಗಿನ ಕೊಳಕು, ಆಮೇಲೆ ಒದ್ದೆ ಕಾಗದದ ಬೂಷ್ಟು. ಅವರಿಗೆ ಇದು ತಮ್ಮದೇ ದಾರಿಯಿಂದ ಗೊತ್ತಿತ್ತು: ನಲ್ಲಿ ನೀರಿನ ಉಪ್ಪು ಉಳಿದರೆ ಬ್ಯಾಟರಿ ಸಾಯುತ್ತದೆ, ಪ್ಲೇಟಿನ ಗೆರೆಯಲ್ಲಿ ಉಳಿದರೆ ಅದೂ ಹಾಗೆಯೇ ತಾನೇ ಎಂದರು. ಮೇಲ್ಮನೆಯ ಹಜಾರದಲ್ಲಿ ಎರಡು ಬೇಸಿನ್ ಇಟ್ಟೆವು. ಒಂದರಲ್ಲಿ ಸೋಪಿನ ಹನಿ, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್. ನಡುವಿನ ಲೇಬಲ್‌ಗೆ ತಾಗದಂತೆ, ಗೆರೆ ಹೋದ ದಿಕ್ಕಿನಲ್ಲೇ ಹಳೆಯ ಪಂಚೆಯಿಂದ ಒರೆಸುವುದು. ಆಮೇಲೆ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸುವುದು. ಏಳಿಂಚಿನ ರೆಕಾರ್ಡ್ ತಿಂಡಿ ತಟ್ಟೆಯ ಜಾಗದಲ್ಲಿ ಅಳತೆ ತೆಗೆದಂತೆ ಕೂರುತ್ತದೆ. ಬಿಸಿಲಿಗೆ ಇಡಬೇಡಿ ಎಂದು ಅವರು ಹೇಳಿದ್ದರು. ಅವರು ಹೋದ ಮೇಲೆ ಅವಸರಕ್ಕೆ ಬಿದ್ದು ಏಳನ್ನು ಟೆರೇಸಿನಲ್ಲಿಟ್ಟೆ. ಏಳೂ ಹಪ್ಪಳವಾದವು. 295ರಲ್ಲಿ 288 ಮಾತ್ರ ಉಳಿದದ್ದಕ್ಕೆ ಮಳೆ ಕಾರಣವಲ್ಲ, ನಾನು.

ನಾನು ಬರೆಯಲೇಬೇಕಾದದ್ದು ರಾತ್ರಿ ಮೂರರ ಸುಮಾರಿಗೆ ನಡೆದದ್ದು. ಅಣ್ಣ ಪ್ರತಿ ರೆಕಾರ್ಡಿನ ಒಳಹೊದಿಕೆಯ ಮೇಲೂ ಇಂಕ್ ಪೆನ್ನಿನಲ್ಲಿ, ಕನ್ನಡದಲ್ಲಿ, ಒಂದೆರಡು ಸಾಲು ಬರೆಯುತ್ತಿದ್ದ: ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ನನಗೊಂದು ಮಾತು. ಕಾಗದ ಪ್ಲೇಟಿಗೆ ಅಂಟುತ್ತದೆಂದು ನಾನು ಅವನ್ನು ಕಿತ್ತು ಉಂಡೆ ಮಾಡಿ ಬಕೆಟ್ಟಿಗೆ ಎಸೆಯುತ್ತಿದ್ದೆ. ಅಂಗಡಿಯವರು ನನ್ನ ಮಣಿಕಟ್ಟು ಹಿಡಿದರು. "ಇದರ ಮೇಲೆ ಯಾರೋ ಬರೆದಿದ್ದಾರಲ್ಲ" ಎಂದರು.

ಆಗ ನಾನು ಕಿರುಚಿದೆ. ಬರೆದವನೇ ಇಲ್ಲ, ಇದನ್ನು ಇಟ್ಟುಕೊಂಡು ಏನು ಮಾಡಲಿ, ಎಲ್ಲವನ್ನೂ ರಾಜಕಾಲುವೆಗೆ ಎಸೆಯಿರಿ, ನೀವೂ ಮನೆಗೆ ಹೋಗಿ ಎಂದೆ. ಇನ್ನೂ ಕೆಟ್ಟದ್ದೊಂದು ಹೇಳಿದೆ, ಅದನ್ನು ಬರೆಯಲಾರೆ. ಅಣ್ಣ ಹೋದ ದಿನ ಅಳದೆ ನಿಂತಿದ್ದ ನಾನು ಪರಿಚಯವೇ ಇಲ್ಲದವರ ಎದುರು, ಅವರು ತಂದ ದೀಪದ ಬೆಳಕಿನಲ್ಲಿ, ನೆಲದ ಮೇಲೆ ಕುಳಿತು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಬಕೆಟ್ಟಿನಿಂದ ಉಂಡೆಗಳನ್ನು ಎತ್ತಿ, ಒಂದೊಂದನ್ನೇ ನೆಲದ ಮೇಲೆ ಬಿಡಿಸಿ ಹರಡಿ, ಮೊಬೈಲಿನಲ್ಲಿ ಫೋಟೊ ತೆಗೆಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಇಂಕ್ ಹರಡಿಕೊಂಡಿದೆ, ಫೋಟೊದಲ್ಲಿ ಬರುತ್ತಿಲ್ಲ. ನೀವು ಓದಿ, ನಾನು ಬರೆದುಕೊಳ್ಳುತ್ತೇನೆ" ಎಂದರು. ಅಂಗಡಿಯ ಬಿಲ್ ಪುಸ್ತಕವನ್ನು ತೆರೆದರು.

ಓದಿದೆ. ಬೆಳಕು ಹರಿಯುವವರೆಗೆ ಅಣ್ಣನ ಮಾತನ್ನು ನನ್ನ ಬಾಯಿಯಿಂದ ಓದಿದೆ. ಬಝ್‌ಕಾಕ್ಸ್ ತಂಡದ 'ಸ್ಪೈರಲ್ ಸ್ಕ್ರ್ಯಾಚ್' ಬಂದಾಗ, "ಇದು ಮೊದಲ ಮುದ್ರಣ ಅಲ್ಲ, 1979ರದ್ದು. ಹಾಡು ಅದೇ. ಮುಖ ಸಣ್ಣದು ಮಾಡಬೇಡ" ಎಂದಿತ್ತು. 1977ರ ಜನವರಿಯಲ್ಲಿ ಆ ಹುಡುಗರು 500 ಪೌಂಡ್ ಸಾಲ ಮಾಡಿ, ನ್ಯೂ ಹಾರ್ಮೋನ್ಸ್ ಎಂಬ ತಮ್ಮದೇ ಸಂಸ್ಥೆಯೊಂದನ್ನು ಹೂಡಿ ತಂದದ್ದು 1,000 ಪ್ರತಿ. ಹಾಡು ಎಷ್ಟನೆಯ ಸಲಕ್ಕೆ ಸರಿಬಂತೆಂಬುದನ್ನೂ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದರು. ಆ ಸಾವಿರದಲ್ಲಿ ಒಂದು ಬೇಕೆಂದು ಒಂದು ಕಾಲದಲ್ಲಿ ನಾನು ಅಣ್ಣನನ್ನು ಪೀಡಿಸಿದ್ದೆ. ಈಗ ಯಾರಾದರೂ ತಂದುಕೊಟ್ಟರೂ ಬದಲಿಸಿಕೊಳ್ಳುವುದಿಲ್ಲ.

ಚಹಾ ಬಂದಾಗ ಅಂಗಡಿಯವರು ತಮ್ಮ ವಿಷಯ ಹೇಳಿದರು. ಹರೆಯದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾ ಒಂದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದರಂತೆ. ಆ ವರ್ಷ ಹಬ್ಬ ಆಗಸ್ಟ್ 31ಕ್ಕೆ ಬಂದಿತ್ತು. ಕೆಳಗೆ ರಸ್ತೆಯ ಪೆಂಡಾಲ್ ಇನ್ನೂ ನಿಂತೇ ಇತ್ತು, ಕಾಲುಗಳು ನೀರಿನಲ್ಲಿ. "ಮೋಡ ಕಂಡರೆ ಸಾಕು, ಹಾಡನ್ನು ಎರಡು ಪಟ್ಟು ವೇಗದಲ್ಲಿ ಬಾರಿಸುತ್ತಿದ್ದೆವು. ಪಟ್ಟಿಯಲ್ಲಿರುವ ಹಾಡೆಲ್ಲ ಮುಗಿಯದೆ ಸಂಘದವರು ಪೂರ್ತಿ ಹಣ ಕೊಡುತ್ತಿರಲಿಲ್ಲ" ಎಂದರು.

ನಮ್ಮ ಕೂಟದ ಕೊನೆಯಲ್ಲಿ ಯಾವಾಗಲೂ ಒಂದು ಕವರ್ ಹಾಡು, ಅಂದರೆ ಬೇರೆಯವರ ಹಾಡನ್ನು ತಮ್ಮ ರೀತಿಯಲ್ಲಿ ನುಡಿಸಿದ್ದು, ಇರಬೇಕೆಂಬ ನಿಯಮ ನನಗೆ ಹೊಳೆದದ್ದು ಆ ಮಾತಿನಿಂದ. ಮೂಲವೇ ಶ್ರೇಷ್ಠ ಎನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು, ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಪಡಿಸಿದಾಗ, ಅಶ್ವತ್ಥ್ ಅವರ ಧಾಟಿಯ ಪರವಾಗಿ ಈ ಕೋಣೆಯಲ್ಲಿ ನಡೆದ ಜಗಳ ನೆನಪಿದೆಯಲ್ಲ. (ಎರಡೂವರೆ ನಿಮಿಷ ಅಪ್ಪಟ ಪಂಕ್ ಅಳತೆ ಎಂದ ನನ್ನ ಹಾಸ್ಯಕ್ಕೆ ಯಾರೂ ನಗಲಿಲ್ಲ.) 'ಐ ಫಾಟ್ ದ ಲಾ' ಹಾಡನ್ನು ಬರೆದವರು ಕ್ರಿಕೆಟ್ಸ್ ತಂಡದ ಸಾನಿ ಕರ್ಟಿಸ್, ಊರೂರಿಗೆ ಮುಟ್ಟಿಸಿದ್ದು 1966ರಲ್ಲಿ ಬಾಬಿ ಫುಲ್ಲರ್ ಫೋರ್, ಕ್ಲ್ಯಾಶ್ ತಂಡದವರಿಗೆ ಅದು ಸಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಸ್ಟುಡಿಯೋ ಒಂದರ ಜೂಕ್‌ಬಾಕ್ಸಿನಲ್ಲಿ. 1979ರಲ್ಲಿ ಅವರು ಹಾಡಿದ ಮೇಲೆ ಅದು ಅವರದೇ ಎಂದು ನನ್ನ ಅಣ್ಣ ಬಹುಕಾಲ ನಂಬಿದ್ದ. ತಪ್ಪು ತಿಳಿದಾಗ ಒಳಹೊದಿಕೆಯಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ, "ಆದರೂ ಅವರದೇ" ಎಂದು ಬರೆದಿದ್ದ.

ಇನ್ನೊಂದು ನಿಯಮವೂ ಇತ್ತು: ಯಾವ ಹಾಡನ್ನೂ ಎರಡನೆಯ ಸಲ ಹಾಕುವಂತಿಲ್ಲ. 1978ರಲ್ಲಿ ಅಂಡರ್‌ಟೋನ್ಸ್ ಎಂಬ ಡೆರಿಯ ಹುಡುಗರ 'ಟೀನೇಜ್ ಕಿಕ್ಸ್' ಅನ್ನು ಬಿಬಿಸಿಯ ಜಾನ್ ಪೀಲ್ ಬೆನ್ನುಬೆನ್ನಿಗೆ ಎರಡು ಸಲ ನುಡಿಸಿದ್ದನ್ನು ಹೇಳಿ ನೀವು ಎಷ್ಟು ಗೋಗರೆದರೂ ನಾನು ಬಗ್ಗಿರಲಿಲ್ಲ. ಎಂಟು ಎಂದರೆ ಎಂಟೇ.

ಮೂವತ್ತೈದು ತಿಂಗಳು ಕರೆದರೂ ಅಂಗಡಿಯವರು ಬಂದಿರಲಿಲ್ಲ. ಭಾನುವಾರ ಸಂಜೆಯೇ ಗಿರಾಕಿ ಹೆಚ್ಚು ಎನ್ನುತ್ತಿದ್ದರು. ಕಳೆದ ಭಾನುವಾರ ಬಂದರು; ಜಾಗವಿದ್ದರೂ ಒಳಗೆ ಕೂರಲಿಲ್ಲ, ಬಾಗಿಲಲ್ಲಿ ನಿಂತರು. ಉಳಿದಿದ್ದದ್ದು ಒಂದೇ: 1976ರ ಅಕ್ಟೋಬರ್ 22ರಂದು ಬಂದ ಡ್ಯಾಮ್ಡ್ ತಂಡದ 'ನ್ಯೂ ರೋಸ್', ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್. ಬಿಲ್ ಪುಸ್ತಕದಲ್ಲಿ ಅಂಗಡಿಯವರ ಕೈಬರಹದಲ್ಲಿ ಅಣ್ಣನ ಮಾತು ಹೀಗಿದೆ: "ಹಿಂಬದಿ ಮೊದಲು ಕೇಳು." ಹಿಂಬದಿಯಲ್ಲಿರುವುದು ಬೀಟಲ್ಸ್‌ನ 'ಹೆಲ್ಪ್!', ಎರಡು ನಿಮಿಷ ತುಂಬುವ ಮೊದಲೇ ಮುಗಿದುಹೋಗುವಷ್ಟು ವೇಗದಲ್ಲಿ. ಅವರ ಬೆರಳುಗಳು ಬಾಗಿಲ ಚೌಕಟ್ಟಿನ ಮೇಲೆ ತಾಳ ಹಿಡಿಯಲು ಹೋಗಿ, ಹಿಂದೆ ಬಿದ್ದು, ಮತ್ತೆ ಹಿಡಿದವು. ಹಾಡು ಮುಗಿಯಿತು.

"ಇವರಿಗೂ ಮೋಡ ಕಂಡಿರಬೇಕು" ಎಂದರು. ನೀವೆಲ್ಲ ಅವರ ಕಡೆ ತಿರುಗಿದಿರಿ, ಅರ್ಥವಾದದ್ದು ನನಗೊಬ್ಬನಿಗೆ. ಆಮೇಲೆ, "ಇನ್ನೊಂದು ಸಲ ಹಾಕುತ್ತೀರಾ?" ಎಂದರು.

ಹಾಕಿದೆ.